ನೆಲ ಡೊಂಕೇ ಇತ್ತು

ನನಗೆ ಓಡಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ವಾರದಲ್ಲಿ ಎರಡು ದಿನ ನಾನು ಶಿರಸಿಯ ದೈಹಿಕ ಶಿಕ್ಷಣ ಕಾಲೇಜೊಂದರಲ್ಲಿ ಓಟ, ಜಿಗಿತ, ಎಸೆತಗಳ ಪಾಠ ಮಾಡುತ್ತೇನೆ. ವಿಷಯದ ಹೆಸರು ಕ್ರೀಡಾ ಬಯೋಮೆಕ್ಯಾನಿಕ್ಸ್. ಆಟಗಾರನ ದೇಹವನ್ನು ಬಲ, ವೇಗ, ಕೋನ, ಸನ್ನೆಕೋಲು ಎಂದು ಬಿಡಿಸಿ ನೋಡುವ ಶಾಸ್ತ್ರ. ನಾನು ಓದಿದ್ದು ಭೌತಶಾಸ್ತ್ರ. ಈ ಪಾಠಕ್ಕೆ ಜನ ಸಿಗದೆ, ಸನ್ನೆಕೋಲು ಗೊತ್ತಿರುವವರು ಯಾರಾದರೂ ಸಾಕು ಎಂಬ ಸ್ಥಿತಿ ಬಂದಾಗ ವಿಶ್ವವಿದ್ಯಾಲಯದವರು ನನ್ನನ್ನು ಒಪ್ಪಿಕೊಂಡರು. ಉಳಿದ ದಿನಗಳಲ್ಲಿ ಯಲ್ಲಾಪುರದ ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ. ಮನೆ ಸಿದ್ದಾಪುರದಲ್ಲಿ. ನನ್ನ ವೇಳಾಪಟ್ಟಿ ಗಂಡನಿಗಿಂತ ಮೂರು ತಾಲ್ಲೂಕಿನ ಬಸ್ ಕಂಡಕ್ಟರುಗಳಿಗೆ ಚೆನ್ನಾಗಿ ಗೊತ್ತು.

ಮೊದಲ ದಿನ ನಾನು ಕಾಲೇಜಿಗೆ ಹೊರಟಾಗ ಅತ್ತೆ ಬಾಗಿಲಲ್ಲಿ ನಿಂತು ಕೇಳಿದರು: "ಅಲ್ದೇ, ನಿಂಗೆ ಬಸ್ ಹಿಡಿಯಲೂ ಓಡಲೆ ಬತ್ತಿಲ್ಲೆ. ಓಡದು ಹೆಂಗೆ ಹೇಳಿ ಅವಕ್ಕೆ ಎಂತ ಕಲಿಸ್ತ್ಯೇ?"

ಅಡುಗೆ ಬಾರದವರೂ ಉಪ್ಪು ಕಮ್ಮಿ ಎಂದು ಹೇಳುವುದಿಲ್ಲವೇ ಎಂದು ನಾನು ತಿರುಗಿ ಕೇಳಿದೆ. ಒಳಗೆ ತಿಂಡಿ ತಿನ್ನುತ್ತಿದ್ದ ಮಾವನಿಗೆ ಅದು ತಮಗೇ ಹೇಳಿದ್ದು ಎನಿಸಿ ಕೆಮ್ಮು ಬಂತು.

ಕಾಗದದ ಮೇಲೆ ನಾನು ಅತಿಥಿ ಉಪನ್ಯಾಸಕಿ. ನಮ್ಮ ಕಡೆ ಮನೆಗೆ ಅತಿಥಿ ಬಂದರೆ ಮೊದಲು ಆಸ್ರಿಗೆ ಎಂತ ಬೇಕು ಎಂದು ಕೇಳಿ ಪಾನಕವನ್ನೋ ಮಜ್ಜಿಗೆಯನ್ನೋ ಕೊಡುತ್ತಾರೆ. ಕಾಲೇಜಿನಲ್ಲಿ ಅತಿಥಿಗೆ, ಮುಂದಿನ ವರ್ಷ ಇರ್ತೀರೋ ಇಲ್ಲವೋ ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಕೇಳುವವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಪ್ರತಿ ಬೇಸಿಗೆಯಲ್ಲೂ ಸ್ವಲ್ಪ ದಿನ ಈ ವಿಷಯಕ್ಕೆ ತಲೆ ಕೆಡಿಸಿಕೊಳ್ಳುತ್ತೇನೆ. ಮತ್ತೆ ಕರೆಯುತ್ತಾರೆ, ಮತ್ತೆ ಹೋಗುತ್ತೇನೆ. ನಿಜ ಹೇಳಬೇಕೆಂದರೆ ಕರೆಯದೆ ಹೋದರೆ ನನಗೆ ತುಂಬಾ ಬೇಸರವಾಗುತ್ತದೆ. ಈ ಪಾಠ ನನಗೆ ಅಷ್ಟು ಹಿಡಿಸಿದೆ.

ನಮ್ಮ ಪ್ರಯೋಗಾಲಯ ಅಂದರೆ ಒಂದು ಬೀರು. ಅದರಲ್ಲಿ ಮುಕ್ಕಾಲಿ, ಟೇಪು, ಹಳೆಯ ಲ್ಯಾಪ್‌ಟಾಪು ಇವೆ. ದೊಡ್ಡ ಊರುಗಳಲ್ಲಿ ಆಟಗಾರರ ಕೀಲುಗಳ ಮೇಲೆ ಹೊಳೆಯುವ ಗುಂಡುಗಳನ್ನು ಅಂಟಿಸಿ, ಸುತ್ತ ಕ್ಯಾಮರಾ ಇಟ್ಟು, ಮಂಡಿ ಎಷ್ಟು ಮಡಚಿತು, ಸೊಂಟ ಎಲ್ಲಿತ್ತು ಎಂದು ಅಳೆಯುತ್ತಾರಂತೆ. ನಾನು ಶಿರಸಿಯ ಬಳೆ ಅಂಗಡಿಯಿಂದ ಹಣೆಗೆ ಇಡುವ ದೊಡ್ಡ ಕೆಂಪು ಟಿಕಲಿಯ ಹಾಳೆಗಳನ್ನು ಕೊಂಡು ತಂದೆ. ಸೊಂಟಕ್ಕೊಂದು, ಮಂಡಿಗೊಂದು, ಪಾದದ ಹರಡಿಗೊಂದು ಅಂಟಿಸಿ, ವಿದ್ಯಾರ್ಥಿಯೊಬ್ಬನ ಫೋನಿನಲ್ಲಿ ವಿಡಿಯೊ ಮಾಡಿ, ಅದನ್ನು ಲ್ಯಾಪ್‌ಟಾಪಿನಲ್ಲಿ ನಿಲ್ಲಿಸಿ ಗೆರೆ ಎಳೆದು ಅಳೆಯುತ್ತೇವೆ. ಮೀಸೆ ತಿರುವುವ ಕಬಡ್ಡಿ ಹುಡುಗರು ಮೊದಲು ಮುಖ ಸಿಂಡರಿಸಿದರು. ಒಬ್ಬ ಮಂಡಿಯ ಟಿಕಲಿ ಕೀಳಲು ಮರೆತು ಹಾಗೇ ಬಸ್ಸು ಹತ್ತಿದ, ಅವನನ್ನು ವರ್ಷವಿಡೀ 'ಅಮ್ಮನೋರು' ಎಂದೇ ಕರೆದರು.

ಆ ತರಗತಿಯಲ್ಲಿ ಇಡಗುಂದಿ ಕಡೆಯ ಒಬ್ಬಳು ಹುಡುಗಿ ಇದ್ದಳು. ಮನೆಯಲ್ಲಿ ಬೇಸಾಯ. ಮಾತು ಕಮ್ಮಿ, ಕಾಲು ಉದ್ದ. ಅವಳದ್ದು ಉದ್ದ ಜಿಗಿತ. ನಮ್ಮ ಕಾಲೇಜಿನ ಮೈದಾನದಲ್ಲಿ ಅವಳು ಓಡಿ ಬಂದು ಹಾರುವಾಗ ವಾಲಿಬಾಲ್ ಆಡುವವರು ಚೆಂಡು ಹಿಡಿದುಕೊಂಡು ನೋಡುತ್ತಿದ್ದರು. ಆಟದ ಗಂಧವಿಲ್ಲದ ನನಗೂ ಅದು ಬೇರೆಯವರ ಜಿಗಿತದಂತಲ್ಲ ಎಂದು ಗೊತ್ತಾಗುತ್ತಿತ್ತು.

ಆದರೆ ಊರು ಬಿಟ್ಟು ಹೊರಗೆ ಹೋದರೆ ಕತೆಯೇ ಬೇರೆ. ಉದ್ದ ಜಿಗಿತದಲ್ಲಿ ಓಡಿ ಬಂದು, ನೆಲದಲ್ಲಿ ಕೂರಿಸಿದ ಹಲಗೆಯ ಮೇಲೆ ಕಾಲಿಟ್ಟು ಹಾರಬೇಕು. ಬೆರಳತುದಿ ಹಲಗೆಯ ಆಚೆ ದಾಟಿದರೂ ಕೆಂಪು ಬಾವುಟ ಏರುತ್ತದೆ, ಎಷ್ಟು ದೂರ ಹಾರಿದರೂ ಅದು ಲೆಕ್ಕಕ್ಕಿಲ್ಲ. ಹಾಗಾಗದಿರಲಿ ಎಂದು ಜಿಗಿಯುವವರು ಹಲಗೆಯಿಂದ ಹಿಂದಕ್ಕೆ ಟೇಪಿನಲ್ಲಿ ಅಳೆದು, ಒಂದು ಗುರುತು ಹಾಕಿಕೊಂಡು, ಸದಾ ಅಲ್ಲಿಂದಲೇ ಓಟ ಶುರು ಮಾಡುತ್ತಾರೆ. ಶಿರಸಿಯಲ್ಲಿ ಇವಳ ಕಾಲು ಕಣ್ಣು ಮುಚ್ಚಿದರೂ ಹಲಗೆಯ ಮೇಲೇ ಬೀಳುತ್ತಿತ್ತು. ಆದರೆ ಹಿಂದಿನ ವರ್ಷ ಧಾರವಾಡದಲ್ಲಿ, ವಿಶ್ವವಿದ್ಯಾಲಯ ತಂಡದ ಆಯ್ಕೆಯಲ್ಲಿ, ಮೂರಕ್ಕೆ ಮೂರೂ ಫೌಲ್. ಅದಕ್ಕೂ ಮೊದಲು ಕಾರವಾರದಲ್ಲಿ ಹಾಗೇ ಆಗಿತ್ತು.

ನಮ್ಮ ದೈಹಿಕ ನಿರ್ದೇಶಕರು ಹಾವೇರಿ ಕಡೆಯವರು, ಒಳ್ಳೆಯ ಮನುಷ್ಯ, ಮಕ್ಕಳೆಂದರೆ ಪ್ರಾಣ. ಅವರು ತಲೆಯ ಮೇಲೆ ಕೈ ಹೊತ್ತುಕೊಂಡು ನನಗೆ ಹೇಳಿದ್ದರು: "ಅಳತಿ ಬರೋಬ್ಬರಿ ಐತ್ರಿ ಮೇಡಂ. ನಾನ ಟೇಪ್ ಹಿಡದೇನಿ. ಕಾಲೂ ಬರೋಬ್ಬರಿ ಅದಾವು. ಎದೀನ ಇಲ್ಲ ನೋಡ್ರಿ ಆ ಹುಡುಗಿಗೆ. ಮನ್ಯಾಗ ಹುಲಿ, ಬೀದ್ಯಾಗ ಇಲಿ."

ಅವರು ಧಾರವಾಡದಲ್ಲಿ ಮೊದಲ ಫೌಲ್ ಆದ ಕೂಡಲೇ, ಗಾಬರಿಯಾಗಬೇಡ, ನಿಧಾನ ಓಡು ಎಂದು ಅವಳಿಗೆ ಬುದ್ಧಿ ಹೇಳಿದ್ದರಂತೆ. ಅವಳು ನಿಧಾನ ಓಡಲು ಹೋಗಿ ಹೆಜ್ಜೆಗಳೆಲ್ಲ ಕಲಸಿಹೋಗಿ, ಕೊನೆಗೆ ಕಾಲು ಚಾಚಿ ಮತ್ತೆ ಹಲಗೆ ದಾಟಿದಳು. ಆಮೇಲೆ ಕಾಲೇಜಿನಲ್ಲಿ ಎಲ್ಲರೂ ಅವಳಿಗೆ ಧೈರ್ಯ ಹೇಳಲು ಶುರು ಮಾಡಿದರು. ಗ್ರಂಥಪಾಲಕರೂ ಹೇಳಿದರು, ಕ್ಯಾಂಟೀನಿನವರೂ ಹೇಳಿದರು. ದಿನಾ ಧೈರ್ಯ ಹೇಳಿಸಿಕೊಳ್ಳುವವರಿಗೆ ತಾವು ಪುಕ್ಕಲರು ಎಂಬುದು ಖಾತ್ರಿಯಾಗದೆ ಇನ್ನೇನಾಗುತ್ತದೆ?

ದೀಪಾವಳಿ ರಜೆ ಮುಗಿದ ವಾರ ಅವಳು ನನ್ನ ಹತ್ತಿರ ಬಂದಳು. ನಾನು ಸಿಬ್ಬಂದಿ ಕೋಣೆಯಲ್ಲಿ ಒಬ್ಬಳೇ ಡಬ್ಬಿ ಬಿಚ್ಚಿದ್ದೆ.

"ಮೇಡಂ, ನಾ ಕೋರ್ಸ್ ಬಿಡ್ತೆ."

"ಎಂತಕ್ಕೆ?"

"ಜನವರಿಲಿ ಮತ್ತೆ ಧಾರವಾಡಕ್ಕೆ ಕರ್ಕಂಡು ಹೋಗ್ತ್ರು. ಮತ್ತೆ ಹಂಗೇ ಆಗ್ತದೆ. ನಂಗೆ ಧೈರ್ಯ ಇಲ್ಲ ಮೇಡಂ. ನಾಳೆ ನಾ ಯಾವ್ದಾದ್ರೂ ಶಾಲೇಲಿ ಪಿ.ಟಿ. ಟೀಚರ್ ಆದ್ರೆ ಮಕ್ಕಳಿಗೆ ಎಂತ ಕಲಿಸ್ಲಿ? ಹೆದರುದಾ?"

ಯಲ್ಲಾಪುರದಲ್ಲಿ ಅವಳ ಚಿಕ್ಕಮ್ಮ ಹೊಲಿಗೆ ಅಂಗಡಿ ಇಟ್ಟಿದ್ದರು. ಅಲ್ಲಿಗೆ ಹೋಗುತ್ತೇನೆ ಎಂದಳು. ಅಳಲಿಲ್ಲ. ತೀರ್ಮಾನ ಮಾಡಿಯೇ ಬಂದವರು ಅಳುವುದಿಲ್ಲ.

ನನಗೆ ಸಿಟ್ಟು ಬಂತು. ಅವಳ ಮೇಲೋ, ಧೈರ್ಯ ಹೇಳುವವರ ಮೇಲೋ ಗೊತ್ತಾಗಲಿಲ್ಲ. ಸಿಟ್ಟು ಬಂದರೆ ನನ್ನ ಮಾತು ಒರಟಾಗುತ್ತದೆ. "ಬಿಡೋದಾದ್ರೆ ಬಿಡು. ಆದ್ರೆ ನನ್ನ ಪ್ರಾಯೋಗಿಕ ತರಗತಿ ಮುಗಿಯೋ ತನಕ ಬಿಡ್ಬೇಡ. ಟಿಕಲಿ ಹಚ್ಚಿಕೊಂಡು ಹಾರೋಕೆ ನಂಗೆ ಒಬ್ರು ಬೇಕು" ಎಂದೆ. ಅವಳು "ಆಯ್ತು ಮೇಡಂ" ಎಂದು ಹೋದಳು. ಡಬ್ಬಿಯ ಅನ್ನ ನನಗೆ ಸೇರಲಿಲ್ಲ.

ಆ ವಾರದ ಪಾಠ ಜಿಗಿತದ ಕೋನದ್ದು. ದೇಹ ನೆಲ ಬಿಡುವಾಗ ಎಷ್ಟು ಓರೆಯಾಗಿದೆ ಎಂದು ಅಳೆಯಬೇಕು. ಅದಕ್ಕೆ ವಿಡಿಯೊದಲ್ಲಿ ನೆಟ್ಟಗಿರುವ ಒಂದು ಗೆರೆ ಬೇಕು. ಅಲ್ಲಿಯವರೆಗೆ ನಾವು ಫೋನಿನ ಪರದೆಯ ಕೆಳಅಂಚನ್ನು ನೆಲಕ್ಕೆ ಸಮ ಮಾಡಿ ಇಡುತ್ತಿದ್ದೆವು. ಅಷ್ಟೇ ಸಾಕು ಎಂದುಕೊಂಡಿದ್ದೆವು. ಈ ಸಲ ಸರಿಯಾಗಿ ಮಾಡೋಣ ಎಂದು, ಕಾಲೇಜಿನ ಹೊಸ ಕೋಣೆ ಕಟ್ಟುತ್ತಿದ್ದವರಿಂದ ಗೋಡೆ ನೆಟ್ಟಗಿದೆಯೋ ನೋಡುವ ತೂಗುಗುಂಡು ಇಸಿದುಕೊಂಡು ಬಂದು, ಹಲಗೆಯ ಪಕ್ಕ ಒಂದು ಕೋಲು ನೆಟ್ಟು ಅದಕ್ಕೆ ಇಳಿಬಿಟ್ಟೆವು. ಹುಡುಗಿ ಹಾರಿದಳು. ವಿಡಿಯೊ ಲ್ಯಾಪ್‌ಟಾಪಿಗೆ ಬಂತು. ನಿಲ್ಲಿಸಿ ನೋಡಿದರೆ ತೂಗುಗುಂಡಿನ ದಾರ ಓರೆ!

"ಗಾಳಿ ಮೇಡಂ" ಎಂದ ಒಬ್ಬ. ಗಾಳಿ ಇರಲಿಲ್ಲ. "ಫೋನ್ ವಾಲಿದೆ" ಎಂದ ಇನ್ನೊಬ್ಬ. ಫೋನು ನೆಲಕ್ಕೆ ಸಮವಾಗೇ ಇತ್ತು. ಮತ್ತೆ ತೆಗೆದೆವು, ಮತ್ತೆ ಓರೆ. ದಾರದ ತುದಿಯ ಗುಂಡು ಒಂದೇ ಕಡೆಗೆ, ಓಟ ಶುರುವಾಗುವ ಕಡೆಗೆ, ವಾಲಿತ್ತು. ನಾನು ಆ ಚಿತ್ರವನ್ನು ನೋಡುತ್ತಾ ಎಷ್ಟು ಹೊತ್ತು ಕುಳಿತೆನೋ. ತೂಗುಗುಂಡಿನ ದಾರ ಓರೆಯಾಗಲು ಭೂಮಿ ಬಿಡುವುದಿಲ್ಲ. ದಾರ ನೆಟ್ಟಗಿದ್ದರೆ ಓರೆಯಾಗಿರುವುದು ಇನ್ನು ಒಂದೇ ಒಂದು, ನೆಲ.

ನಾನು ಓಡಲು ಬಾರದವಳು, ಆದರೂ ಅವತ್ತು ಮೈದಾನಕ್ಕೆ ಓಡಿದೆ. ಕೊಡದಲ್ಲಿ ನೀರು ತಂದು ಜಿಗಿತದ ಹೊಂಡದ ಹತ್ತಿರ, ಓಟದ ಹಾದಿಯ ಮೇಲೆ ಸುರಿದೆವು. ನೀರು ಸ್ವಲ್ಪ ಯೋಚನೆ ಮಾಡಿ, ಓಟ ಶುರುವಾಗುವ ತುದಿಯತ್ತ ಹೊರಟಿತು. ಅಂದರೆ ಹುಡುಗಿ ದಿನಾ ಓಡುತ್ತಿದ್ದುದು ಏರಿನಲ್ಲಿ. ಕಣ್ಣಿಗೆ ಕಾಣದಷ್ಟು ಸಣ್ಣ ಏರು. ಏರಿನಲ್ಲಿ ಹೆಜ್ಜೆ ಒಂದಿಷ್ಟು ಗಿಡ್ಡವಾಗುತ್ತದೆ. ಅದೇ ಅಳತೆಯ ಗುರುತಿನಿಂದ ಸಪಾಟು ನೆಲದಲ್ಲಿ ಓಡಿದರೆ ಪ್ರತಿ ಹೆಜ್ಜೆಯೂ ಒಂದಿಷ್ಟು ಉದ್ದವಾಗಿ, ಕೊನೆಗೆ ಕಾಲು ಹಲಗೆ ದಾಟುತ್ತದೆ. ಧೈರ್ಯಕ್ಕೂ ಇದಕ್ಕೂ ಸಂಬಂಧವಿಲ್ಲ.

ಏದುಸಿರು ಬಿಡುತ್ತಾ ದೈಹಿಕ ನಿರ್ದೇಶಕರಿಗೆ ಹೋಗಿ ಹೇಳಿದೆ. ಅವರು ನನ್ನನ್ನೂ ಒದ್ದೆಯಾದ ನನ್ನ ಸೀರೆಯನ್ನೂ ನೋಡಿ ನಕ್ಕರು.

"ಕುಣಿಲಾರ್ದಾಕಿ ನೆಲ ಡೊಂಕ ಅಂದ್ಲಂತ. ಆ ಹುಡುಗಿ ಹೇಳಲಾರದ್ದನ್ನ ನೀವು ಹೇಳಾಕ ಬಂದೀರೇನ್ರಿ?"

"ಸರ್, ನೆಲ ಡೊಂಕೇ ಇದೆ. ಬಂದು ನೋಡಿ."

ಬಂದರು. ಇನ್ನೊಂದು ಕೊಡ ನೀರು ಸುರಿದೆ. ನೀರು ಮತ್ತೆ ಹೊರಟಿತು. ಅವರಿಗೆ ಒಂಚೂರೂ ಆಶ್ಚರ್ಯವಾಗಲಿಲ್ಲ. "ಇದಕ್ಕ ಇಳಿಜಾರು ಅಂತಾರೇನ್ರಿ? ಇದು ವಾಟ! ಹೊಂಡ ಮ್ಯಾಲಿನ ಕಡೇನ ಇರಬೇಕಲ್ರಿ. ಇಲ್ಲಾಂದ್ರ ಮಳಿಗಾಲದಾಗ ಕೆರಿ ಆಗತೈತಿ" ಎಂದರು. ಹಾಗೆ ಹೇಳಿದವರು ನೀರು ಹೋದ ದಾರಿಯನ್ನೇ ನೋಡುತ್ತಾ ನಿಂತರು.

ನಮ್ಮವರ ತಪ್ಪು ಇದೇ. ಬೇರೆ ಯಾವ ಊರಿನವರೂ ಈ ತಪ್ಪು ಮಾಡಲಾರರು. ಮಳೆ ಸುರಿಯುವ ಈ ನಾಡಿನಲ್ಲಿ ನೀರು ಹರಿದುಹೋಗಲೆಂದು ಪ್ರತಿಯೊಂದಕ್ಕೂ ಸ್ವಲ್ಪ ಓರೆ ಕೊಡುತ್ತೇವೆ. ಅಂಗಳಕ್ಕೆ, ಬಚ್ಚಲಿಗೆ, ಕೊಟ್ಟಿಗೆಗೆ, ಮೈದಾನಕ್ಕೂ. ಅದಕ್ಕೆ ವಾಟ ಎನ್ನುತ್ತೇವೆ. ವಾಟ ಇರುವ ನೆಲ ನಮ್ಮ ಲೆಕ್ಕದಲ್ಲಿ ಸಪಾಟು ನೆಲ. ಗುಡ್ಡ ಕಡಿದು ಮೈದಾನ ಮಾಡಿದವರು ಹೊಂಡದ ಮರಳು ಕೊಚ್ಚಿಹೋಗದಂತೆ ಅದನ್ನು ಮೇಲಿನ ತುದಿಯಲ್ಲಿ ತೋಡಿದ್ದರು. ಅವಳು ಓದಿದ ಹೈಸ್ಕೂಲಿನಲ್ಲೂ ಹಾಗೇ ಇತ್ತು. ಅವಳು ಚಿಕ್ಕಂದಿನಿಂದ ಏರಿನಲ್ಲೇ ಓಡಿ ಹಾರಿದವಳು. ಎಲ್ಲರೂ ಆ ವಾಟವನ್ನು ದಿನಾ ತುಳಿಯುತ್ತಿದ್ದೆವು, ಯಾರಿಗೂ ಅದು ಏರು ಎಂದು ಹೊಳೆದಿರಲಿಲ್ಲ.

ಇನ್ನು ಇದನ್ನು ಹುಡುಗಿಗೆ ನಂಬಿಸಬೇಕಿತ್ತು. ತರಗತಿಯಲ್ಲಿ ಕರಿಹಲಗೆಯ ಮೇಲೆ ಚಿತ್ರ ಬರೆದು ವಿವರಿಸಿದೆ. ಎಲ್ಲರೂ ಹೌದು ಹೌದು ಎಂದರು. ಅವಳು ಮಾತ್ರ ನೆಲ ನೋಡುತ್ತಾ ಕುಳಿತಿದ್ದಳು. ಮೇಡಂ ತನ್ನನ್ನು ಸಮಾಧಾನ ಮಾಡಲು ಹೊಸ ಉಪಾಯ ತೆಗೆದಿದ್ದಾರೆ ಎಂದು ಅವಳಿಗೆ ಅನ್ನಿಸಿದ್ದು ಮುಖದಲ್ಲೇ ಕಾಣುತ್ತಿತ್ತು. ನಿಜವಾದ ಸಪಾಟು ನೆಲದಲ್ಲಿ ಓಡಿಸಿ ತೋರಿಸದೆ ಗತಿಯಿರಲಿಲ್ಲ.

ಸಪಾಟು ನೆಲ ಹುಡುಕಲು ಹೊರಟಾಗ ಗೊತ್ತಾಯಿತು, ನಮ್ಮ ಮೂರು ತಾಲ್ಲೂಕಿನಲ್ಲಿ ಅದು ಎಂಥ ಅಪರೂಪದ ವಸ್ತು ಎಂದು. ಸಿದ್ದಾಪುರದಲ್ಲಿ ಒಂದು ಮೈದಾನಕ್ಕೆ ಹೋಗಿ ನೀರು ಸುರಿದೆ, ಹರಿಯಿತು. ಯಲ್ಲಾಪುರದಲ್ಲಿ ಸುರಿದೆ, ಅದು ಇನ್ನೂ ಜೋರಾಗಿ ಹರಿಯಿತು. ಬಸ್ ನಿಲ್ದಾಣದ ಕಾಂಕ್ರೀಟಿನ ಮೇಲೂ ಬಾಟಲಿಯಿಂದ ನೀರು ಸುರಿದು ನೋಡಿದೆ. ಪಕ್ಕದಲ್ಲಿ ನಿಂತಿದ್ದ ಹೆಂಗಸು ನನ್ನಿಂದ ನಾಲ್ಕು ಹೆಜ್ಜೆ ದೂರ ಸರಿದು ನಿಂತಳು. ಸೋತು ತರಗತಿಯಲ್ಲಿ ಹೇಳಿದೆ, "ಈ ಸೀಮೆಯಲ್ಲಿ ನೀರು ನಿಲ್ಲೋ ಜಾಗವೇ ಇಲ್ಲ ಮಾರಾಯರೇ."

ಹಿಂದಿನ ಬೆಂಚಿನಿಂದ ಅವಳೇ ಮೆಲ್ಲಗೆ ಹೇಳಿದಳು: "ಗದ್ದೇಲಿ ನಿಲ್ತದಲ ಮೇಡಂ."

ಹೌದಲ್ಲ! ಭತ್ತಕ್ಕೆ ನೀರು ಒಂದೇ ಸಮ ನಿಲ್ಲಬೇಕು. ಅದಕ್ಕಾಗಿ ಕೆಸರಿನಲ್ಲಿ ಹಲಗೆ ಹೊಡೆದು, ನೀರನ್ನೇ ಮಟ್ಟಗೋಲು ಮಾಡಿಕೊಂಡು ಗದ್ದೆಯನ್ನು ಸಪಾಟು ಮಾಡುತ್ತಾರೆ. ವಾಟ ಕೊಡದೆ ನಾವು ಮಾಡುವ ನೆಲ ಅದೊಂದೇ.

ಕೊಯ್ಲು ಮುಗಿದ ಮೇಲೆ ಒಂದು ಭಾನುವಾರ ನಾನು, ದೈಹಿಕ ನಿರ್ದೇಶಕರು ಇಡಗುಂದಿಗೆ ಅವಳ ಮನೆಗೆ ಹೋದೆವು. ಅವಳ ಅಪ್ಪ ಚಾ ಕೊಟ್ಟು, ವಿಷಯ ಕೇಳಿ, ತುಂಬಾ ಗಂಭೀರವಾಗಿ ಯೋಚಿಸಿ ಹೇಳಿದರು: "ಓಡ್ಲಿ ಮೇಡಂ, ಗದ್ದೆ ನಮ್ದೇ. ಆದ್ರೆ ಹೊಂಡ ಮಾತ್ರ ತೋಡುಕಿಲ್ಲ. ಮಟ್ಟ ಹಾಳಾಗ್ತದೆ."

ಹೊಂಡ ಬೇಡವೇ ಬೇಡ, ಓಡಿದರೆ ಸಾಕು ಎಂದೆ. ಅವರೇ ಉದ್ದನೆಯ ಗದ್ದೆಯೊಂದರ ಕೂಳೆಯನ್ನು ನೆಲಮಟ್ಟಕ್ಕೆ ಸವರಿಕೊಟ್ಟರು. ನೆಲ ಒಣಗಿ ಗಟ್ಟಿಯಾಗಿತ್ತು. ಹಲಗೆಯ ಬದಲು ಒಲೆಯ ಬೂದಿಯಲ್ಲಿ ಗೆರೆ ಎಳೆದೆವು. ನಿರ್ದೇಶಕರು ಶಿರಸಿಯ ಅಳತೆಯನ್ನೇ ಟೇಪಿನಲ್ಲಿ ಹಿಡಿದು ಗುರುತು ಹಾಕಿದರು. ನೋಡುವವರು ಯಾರಿದ್ದರು? ಅಪ್ಪ, ಬದುವಿನ ಮೇಲೆ ಕುಳಿತ ಅಜ್ಜಿ, ಮೇಯುತ್ತಿದ್ದ ಎರಡು ಎಮ್ಮೆ. ಹೆದರಿಸುವವರು ಒಬ್ಬರೂ ಇರಲಿಲ್ಲ.

ಓಡಿದಳು. ಅವಳ ಕಾಲು ಬೂದಿಯ ಗೆರೆಯಿಂದ ಒಂದು ಗೇಣು ಆಚೆ ಬಿತ್ತು. ಇನ್ನೊಮ್ಮೆ ಓಡು ಎಂದೆ. ಮತ್ತೆ ಅಷ್ಟೇ ಆಚೆ, ಮೊದಲ ಹೆಜ್ಜೆಗುರುತಿನ ಮೇಲೇ ಬಿತ್ತು. ಆಮೇಲೆ ಯಾರೂ ಹೇಳದೆ ಅವಳೇ ಹೋಗಿ ಓಡಿ ಬಂದಳು, ಮತ್ತೆ ಅಲ್ಲೇ. ಬಗ್ಗಿ ಆ ಗುರುತನ್ನು ನೋಡಿದಳು. ಅದರ ಪಕ್ಕದಲ್ಲೇ ಗದ್ದೆಯಲ್ಲಿ ಕುಳಿತುಬಿಟ್ಟಳು.

"ಎಂತ ಬಿತ್ತು ಅಲ್ಲಿ? ಎಂತ ಹುಡುಕ್ತೆ ಮಗಾ?" ಎಂದು ಅಜ್ಜಿ ಬದುವಿನಿಂದ ಕೂಗಿದರು.

ಅವಳು ನನ್ನ ಕಡೆ ತಿರುಗಿದಳು. "ಹಂಗಾರೆ ನಂಗೆ ಹೆದರಿಕೆ ಇಲ್ವಾ ಮೇಡಂ?"

"ಇಲ್ಲ. ನೀನು ಇಷ್ಟು ವರ್ಷ ಗುಡ್ಡ ಹತ್ತಿಕೊಂಡು ಹಾರಿದೀಯ. ನಿನಗೆಂಥ ಹೆದರಿಕೆ?" ಎಂದೆ. ಅವಳು ಆಗ ಅತ್ತಳು. ನನ್ನ ಕಣ್ಣಲ್ಲೂ ನೀರು ಬಂತು. ನಿರ್ದೇಶಕರು ಟೇಪು ಸುತ್ತುವ ನೆಪದಲ್ಲಿ ಗದ್ದೆಯ ಆ ತುದಿಗೆ ಹೋಗಿ, ಬರುವಾಗ ಗುರುತನ್ನು ಒಂದು ಗೇಣು ಹಿಂದಕ್ಕೆ ಇಟ್ಟು ಬಂದರು. ಮತ್ತೆ ಓಡಿದಾಗ ಕಾಲು ಗೆರೆಗೆ ತಾಗಿದಂತೆ ಈಚೆ ಬಿತ್ತು. ಹೊಲಿಗೆ ಅಂಗಡಿಯ ಮಾತು ಆಮೇಲೆ ಬರಲಿಲ್ಲ.

ಸಂಕ್ರಾಂತಿ ಕಳೆದು ಧಾರವಾಡದಲ್ಲಿ ಆಯ್ಕೆ. ಅವತ್ತು ನನಗೆ ತರಗತಿ ಇರಲಿಲ್ಲ, ನಾನೂ ಹೋದೆ. ನಿರ್ದೇಶಕರು ದಾರಿಯುದ್ದಕ್ಕೂ ಸಿಕ್ಕಿದವರಿಗೆಲ್ಲ "ನೆಲಾನ ಡೊಂಕ ಇತ್ತ್ರಿ" ಎಂದು ತಾವೇ ಕಂಡುಹಿಡಿದವರ ಹಾಗೆ ಹೇಳುತ್ತಾ ಬಂದರು. ನನಗೆ ಅದರಿಂದ ಬೇಸರವಾಗಲಿಲ್ಲ. ವರ್ಷವಿಡೀ ಅವರು ಆ ಹುಡುಗಿಗಾಗಿ ಒಳಗೊಳಗೇ ಬೆಂದದ್ದನ್ನು ನಾನು ನೋಡಿದ್ದೆ.

ಅಲ್ಲಿಯ ಓಟದ ಹಾದಿ ಕೆಂಪಗೆ, ಗದ್ದೆಯ ಹಾಗೆ ಸಮವಾಗಿತ್ತು. ಹಿಂದೆ ಸರಿಸಿದ ಗುರುತಿನಲ್ಲಿ ಅವಳು ನಿಂತಳು. ಹಲಗೆಯ ಪಕ್ಕ ಕುರ್ಚಿಯಲ್ಲಿ ಕುಳಿತವರ ಕೈಯಲ್ಲಿ ಎರಡು ಬಾವುಟಗಳು. ನನ್ನ ಶಾಸ್ತ್ರವೆಲ್ಲ ಆ ಕ್ಷಣಕ್ಕೆ ಹಾರಿಹೋಯಿತು. ಪರೀಕ್ಷೆಗೆ ಕುಳಿತ ಮಗುವಿನ ತಾಯಿಯ ಹಾಗೆ ನಾನು ಕಂಡಕಂಡ ದೇವರನ್ನೆಲ್ಲ ನೆನೆದೆ. ಅವಳು ಓಡಿದಳು. ಕಾಲು ಹಲಗೆಯ ನಟ್ಟನಡುವೆ ಬಿತ್ತು. ಬಿಳಿ ಬಾವುಟ ಮೇಲೆದ್ದಿತು. ಅವಳು ತಂಡಕ್ಕೆ ಆಯ್ಕೆಯಾದದ್ದು ಆಮೇಲಿನ ಮಾತು, ಈಗ ಅವಳು ಯಲ್ಲಾಪುರ ತಾಲ್ಲೂಕಿನ ಒಂದು ಶಾಲೆಯಲ್ಲಿ ಪಿ.ಟಿ. ಟೀಚರು ಎಂಬುದು ಇನ್ನೂ ಆಮೇಲಿನ ಮಾತು.

ಮರಳು ಕೊಡವಿಕೊಂಡು ಅವಳು ಎಷ್ಟು ದೂರ ಹಾರಿದೆ ಎಂದೂ ಕೇಳದೆ ಸೀದಾ ಬೇಲಿಯ ಹತ್ತಿರ, ನಾನು ನಿಂತಲ್ಲಿಗೆ ಬಂದಳು.

"ಮೇಡಂ, ನೀವು ಗದ್ದೇಲಿ ಹೇಳಿದ್ದು ಸುಳ್ಳು. ನಂಗೆ ಹೆದರಿಕೆ ಇತ್ತು. ಹೋದ ವರ್ಷಕ್ಕಿಂತ ಜಾಸ್ತಿನೇ ಇತ್ತು. ಇಕಾ, ನೋಡಿ" ಎಂದು ಎರಡೂ ಕೈ ಮುಂದೆ ಹಿಡಿದಳು. ಗಡಗಡ ನಡುಗುತ್ತಿದ್ದವು. "ಆದ್ರೂ ಕಾಲು ಹಲಗೆಗೇ ಬಂತು ಮೇಡಂ."

ನಾನು ಆ ಕೈಗಳನ್ನು ಹಿಡಿದುಕೊಂಡೆ. ಅಷ್ಟರಲ್ಲಿ ಎರಡನೆಯ ಸುತ್ತಿಗೆ ಹೆಸರು ಕರೆಯಲು ಶುರು ಮಾಡಿದರು. ಅವಳು ಕೈ ಬಿಡಿಸಿಕೊಂಡು, ನಡುಗುತ್ತಲೇ, ನಗುತ್ತಾ ತನ್ನ ಗುರುತಿನ ಕಡೆಗೆ ಹೋದಳು.